ಸ್ಪ್ಯಾನರ್ ಕೊಳ್ಳುವ ಮುನ್ನ ಗಮನಿಸಿ: ಹೊಳಪಿಗಿಂತ ಹಿಡಿತ ಮುಖ್ಯ

ಬೈಕ್ ಇರಲಿ, ನೀರಿನ ಪಂಪ್ ಇರಲಿ, ಬಿಗಿಯಾದ ಬೋಲ್ಟ್ ಬಿಚ್ಚುವಾಗ ಸ್ಪ್ಯಾನರ್ ಜಾರಿದರೆ ಬೋಲ್ಟ್ ತಲೆಯ ಮೂಲೆಗಳು ಸವೆದು ದುಂಡಗಾಗುತ್ತವೆ. ಆಮೇಲೆ ಅದನ್ನು ಕೊರೆದೇ ತೆಗೆಯಬೇಕಾಗಬಹುದು. ಅಗ್ಗದ ಸ್ಪ್ಯಾನರ್‌ನಲ್ಲಿ ಉಳಿಸಿದ ಹಣ ಮೆಕ್ಯಾನಿಕ್ ಬಿಲ್‌ಗೆ ಹೋಗುತ್ತದೆ. ಹಾಗಾದರೆ ಒಳ್ಳೆಯ ಕಾಂಬಿನೇಷನ್ ಸ್ಪ್ಯಾನರ್ ಗುರುತಿಸುವುದು ಹೇಗೆ? ಇಲ್ಲಿದೆ ಮಾಹಿತಿ.

ಎರಡು ತುದಿ, ಎರಡು ಕೆಲಸ

ಕಾಂಬಿನೇಷನ್ ಸ್ಪ್ಯಾನರ್‌ನ ಒಂದು ತುದಿ ತೆರೆದ ಬಾಯಿ, ಇನ್ನೊಂದು ರಿಂಗ್. ಎರಡರ ಅಳತೆಯೂ ಒಂದೇ. ತೆರೆದ ಬಾಯಿ ಬೋಲ್ಟ್‌ನ ಎರಡು ಬದಿಗಳನ್ನು ಮಾತ್ರ ಹಿಡಿಯುತ್ತದೆ. ರಿಂಗ್ ಆರೂ ಮೂಲೆಗಳ ಸುತ್ತ ಕೂರುತ್ತದೆ. ಆದ್ದರಿಂದ ಮೊದಲು ರಿಂಗ್‌ನಿಂದ ಸಡಿಲಿಸಿ, ನಂತರ ತೆರೆದ ಬಾಯಿಯಿಂದ ಬೇಗ ಬಿಚ್ಚಬೇಕು. ಬಾಯಿ ಸಾಮಾನ್ಯವಾಗಿ 15 ಡಿಗ್ರಿ ಓರೆಯಾಗಿರುತ್ತದೆ. ಇಕ್ಕಟ್ಟಿನ ಜಾಗದಲ್ಲಿ ಪ್ರತಿ ಸಲ ಸ್ಪ್ಯಾನರ್ ಮಗುಚಿ ಹಾಕಿದರೆ 30 ಡಿಗ್ರಿ ತಿರುಗಿಸಲು ಜಾಗವಿದ್ದರೂ ಸಾಕು.

ರಿಂಗ್‌ನಲ್ಲಿ 6 ಮೂಲೆಯೋ, 12 ಮೂಲೆಯೋ?

12 ಮೂಲೆಯ ರಿಂಗ್ ಬೋಲ್ಟ್ ಮೇಲೆ ಸುಲಭವಾಗಿ ಕೂರುತ್ತದೆ, ದಿನಬಳಕೆಗೆ ಅನುಕೂಲ. ತುಕ್ಕು ಹಿಡಿದ ಅಥವಾ ಸ್ವಲ್ಪ ಸವೆದ ಬೋಲ್ಟ್‌ಗೆ 6 ಮೂಲೆಯದ್ದೇ ಸುರಕ್ಷಿತ.

ಅಳತೆಯಲ್ಲಿ ರಾಜಿ ಬೇಡ

ಅರ್ಧ ಇಂಚು ಎಂದರೆ 12.7 ಮಿ.ಮೀ. ಅದಕ್ಕೆ 13ರ ಸ್ಪ್ಯಾನರ್ ಹಾಕಿದರೆ ಉಳಿಯುವ 0.3 ಮಿ.ಮೀ. ಸಡಿಲವೇ ಬೋಲ್ಟ್ ಕೆಡಿಸಲು ಸಾಕು. ಎಂ8 ಬೋಲ್ಟ್‌ಗೆ ಸಾಮಾನ್ಯವಾಗಿ 13 ಬೇಕು, ಆದರೆ ಜಪಾನ್ ಮೂಲದ ವಾಹನಗಳಲ್ಲಿ 12 ಹೆಚ್ಚು. ಎಂ10ಕ್ಕೆ ಹಳೆಯ ಜರ್ಮನ್ ಮಾನದಂಡದಲ್ಲಿ 17, ಐಎಸ್‌ಒ ಪ್ರಕಾರ 16, ಜಪಾನ್ ವಾಹನಗಳಲ್ಲಿ 14. ಹಾಗಾಗಿ ನಿಮ್ಮ ಯಂತ್ರದ ಬೋಲ್ಟ್‌ಗಳನ್ನು ನೋಡಿಯೇ ಸೆಟ್ ಆರಿಸಿ. ಉಪಯೋಗಕ್ಕೆ ಬಾರದ 20 ಸ್ಪ್ಯಾನರ್‌ಗಳಿಗಿಂತ ಬೇಕಾದ ಆರು ಒಳ್ಳೆಯವು ಮೇಲು.

ಅಂಗಡಿಯಲ್ಲಿ ಏನು ನೋಡಬೇಕು?

* ಮನೆಯಿಂದ ಒಂದು ಹೊಸ ಬೋಲ್ಟ್ ಒಯ್ದು ಬಾಯಿಗೆ ಕೂರಿಸಿ. ಸಲೀಸಾಗಿ ಕೂರಬೇಕು, ಆದರೆ ಅಲುಗಾಡಬಾರದು.
* ಕ್ರೋಮ್ ವೆನೇಡಿಯಂ ಉಕ್ಕಿನದ್ದೇ ಎಂದು ಖಚಿತಪಡಿಸಿಕೊಳ್ಳಿ. ಅಳತೆ ಮತ್ತು ತಯಾರಕರ ಹೆಸರು ಹಿಡಿಕೆಯ ಮೇಲೆ ಸ್ಪಷ್ಟವಾಗಿ ಅಚ್ಚಾಗಿರಲಿ.
* ಬಾಯಿಯ ಎರಡೂ ಒಳಬದಿ ಸಮಾನಾಂತರವಾಗಿರಲಿ. ಲೇಪನ ಏಳುತ್ತಿದ್ದರೆ, ಅಂಚು ಒರಟಾಗಿದ್ದರೆ ಬಿಟ್ಟುಬಿಡಿ.

ಹೊಳಪು ಮಾತ್ರ ನೋಡಿ ಮರುಳಾಗಬೇಡಿ. ಕ್ರೋಮ್ ಲೇಪನ ತುಕ್ಕು ತಡೆಯುತ್ತದೆ, ಒಳಗಿನ ಉಕ್ಕಿನ ಗಟ್ಟಿತನವನ್ನು ಹೇಳುವುದಿಲ್ಲ.

ಇದನ್ನೂ ನೆನಪಿಡಿ

ಬಿಗಿಯಾದ ಬೋಲ್ಟ್ ಬಿಚ್ಚಲು ಹಿಡಿಕೆಗೆ ಪೈಪ್ ಸಿಕ್ಕಿಸಿ ಎಳೆಯಬೇಡಿ. ಬಾಯಿ ಅಗಲವಾಗಬಹುದು, ಜಾರಿ ಕೈಗೂ ಪೆಟ್ಟಾಗಬಹುದು. ತುಕ್ಕು ಬಿಡಿಸುವ ಎಣ್ಣೆ ಹಾಕಿ ಸ್ವಲ್ಪ ಹೊತ್ತು ಕಾಯಿರಿ. ಇನ್ನು, ಎಂಜಿನ್ ಹೆಡ್‌ನಂತಹ ಕಡೆ ಎಷ್ಟು ಬಿಗಿ ಮಾಡಬೇಕೆಂದು ಕಂಪನಿಯ ಕೈಪಿಡಿಯೇ ಹೇಳುತ್ತದೆ. ಆ ಬಿಗಿಯನ್ನು ಅಳೆಯಲು ಟಾರ್ಕ್ ರೆಂಚ್ ಬೇಕು. ಎಷ್ಟೇ ಒಳ್ಳೆಯ ಸ್ಪ್ಯಾನರ್ ಆದರೂ ಅದನ್ನು ಅಳೆಯಲಾರದು.