ಭರಮಸಾಗರ ಕ್ಷೇತ್ರ ಎಲ್ಲಿ ಹೋಯ್ತು?

ನಾನು ಹಿರಿಯೂರು ತಾಲ್ಲೂಕಿನ ಬಬ್ಬೂರಿನವನು. ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ ಎಷ್ಟು ವಿಧಾನಸಭಾ ಕ್ಷೇತ್ರ ಅಂತ ಕೇಳಿದ್ರೆ ಈಗಿನ ಹುಡುಗರು ಆರು ಅಂತಾರೆ. ವಯಸ್ಸಾದವರ ಬಾಯಲ್ಲಿ ಇನ್ನೂ ಏಳನೇ ಹೆಸರೊಂದು ಬರುತ್ತೆ: ಭರಮಸಾಗರ. ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಈ ಕ್ಷೇತ್ರ 2008ರಲ್ಲಿ ನಕಾಶೆಯಿಂದ ಮಾಯವಾಯ್ತು.

ದುರ್ಗದಿಂದ ದಾವಣಗೆರೆ ಕಡೆ ಹೊರಟರೆ ಹೆದ್ದಾರಿಯಲ್ಲೇ ಸಿಗೋ ಹೋಬಳಿ ಇದು. ಪಾಳೇಗಾರ ಭರಮಣ್ಣ ನಾಯಕನ ಹೆಸರಿನ ದೊಡ್ಡ ಕೆರೆ ಇರೋ ಊರು.

ಕ್ಷೇತ್ರ ಹೋಗಿದ್ದಕ್ಕೆ ಯಾರದೋ ಪಿತೂರಿ ಕಾರಣ ಅಂತ ಅರಳಿಕಟ್ಟೆ ಮೇಲೆ ಮಾತಾಡೋರಿದ್ದಾರೆ. ನನಗೆ ಹಾಗನ್ನಿಸೋದಿಲ್ಲ, ಲೆಕ್ಕವೇ ಸಾಕು. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಆಯೋಗ ಕ್ಷೇತ್ರಗಳನ್ನ ಮರುವಿಂಗಡಿಸಿದ್ದು 2001ರ ಜನಗಣತಿ ಇಟ್ಟುಕೊಂಡು. ರಾಜ್ಯದ ಜನಸಂಖ್ಯೆ 5.28 ಕೋಟಿ, ಸ್ಥಾನ 224. ಸ್ಥಾನ ಹೆಚ್ಚಿಸೋ ಹಾಗಿರಲಿಲ್ಲ. ಭಾಗಿಸಿದ್ರೆ ಒಂದು ಕ್ಷೇತ್ರಕ್ಕೆ ಸುಮಾರು 2.36 ಲಕ್ಷ ಜನ. ನಮ್ಮ ಜಿಲ್ಲೆಯಲ್ಲಿದ್ದವರು 15.18 ಲಕ್ಷ, ಅಂದ್ರೆ ಆರೂವರೆಗೂ ಸ್ವಲ್ಪ ಕಡಿಮೆ. ಆರು ಸ್ಥಾನ ಸಿಕ್ಕಿತು. ಅದೇ ಲೆಕ್ಕದಲ್ಲಿ ಬೆಂಗಳೂರು ನಗರ ಜಿಲ್ಲೆಗೆ 28 ಬಂತು.

ಭರಮಸಾಗರ ಹೋಬಳಿ ಹೊಳಲ್ಕೆರೆ ಕ್ಷೇತ್ರಕ್ಕೆ ಸೇರಿತು. ಸಾಮಾನ್ಯ ಕ್ಷೇತ್ರವಾಗಿದ್ದ ಹೊಳಲ್ಕೆರೆ ಪರಿಶಿಷ್ಟ ಜಾತಿಗೆ ಮೀಸಲಾಯ್ತು. ಕೆ.ಎಚ್. ರಂಗನಾಥ್, ಡಿ. ಮಂಜುನಾಥ್ ಗೆದ್ದಿದ್ದ ನಮ್ಮ ಮೀಸಲು ಹಿರಿಯೂರು ಸಾಮಾನ್ಯವಾಯ್ತು. ಮೊಳಕಾಲ್ಮುರು, ಚಳ್ಳಕೆರೆ ಎರಡೂ ಪರಿಶಿಷ್ಟ ಪಂಗಡಕ್ಕೆ. ನಾಯಕರೂ ಗಂಟುಮೂಟೆ ಕಟ್ಟಬೇಕಾಯ್ತು. 2004ರಲ್ಲಿ ಚಳ್ಳಕೆರೆಯಿಂದ ಗೆದ್ದಿದ್ದ ಡಿ. ಸುಧಾಕರ್ 2008ರಲ್ಲಿ ಹಿರಿಯೂರಿಗೆ ಬಂದು ಪಕ್ಷೇತರರಾಗಿ ಗೆದ್ದರು.

ನಾಯಕರಿಗೇನೋ ಇನ್ನೊಂದು ಊರು ಸಿಗುತ್ತೆ. ಭರಮಸಾಗರದ ರೈತನ ಕಥೆ ಬೇರೆ. ಪಹಣಿ ತಕರಾರಿಗೆ ಅವನು ಹೋಗಬೇಕಾದ ತಾಲ್ಲೂಕು ಕಚೇರಿ ಚಿತ್ರದುರ್ಗದಲ್ಲಿ. ಅವನ ಶಾಸಕರು ಹೊಳಲ್ಕೆರೆಯವರು. ಹೋಬಳಿ ಒಂದು ತಾಲ್ಲೂಕಿನದು, ವೋಟು ಇನ್ನೊಂದು ತಾಲ್ಲೂಕಿನ ಹೆಸರಿನ ಕ್ಷೇತ್ರಕ್ಕೆ. ಮೊದಲು ಚುನಾವಣೆ ಬಂದ್ರೆ ಅಭ್ಯರ್ಥಿಗಳು ಭರಮಸಾಗರದ ಹೆಸರು ಹೇಳಿ ವೋಟು ಕೇಳಬೇಕಿತ್ತು. ಈಗ ಅದು ದೊಡ್ಡ ಕ್ಷೇತ್ರದ ಒಂದು ಮೂಲೆ.

ಇದನ್ನೆಲ್ಲ ಈಗ ಹೇಳೋಕೆ ಕಾರಣ ಇದೆ. ಸಂವಿಧಾನದ ಪ್ರಕಾರ ಸ್ಥಾನಗಳ ಸಂಖ್ಯೆಗೆ ಹಾಕಿರೋ ತಡೆ 2026ರ ನಂತರದ ಮೊದಲ ಜನಗಣತಿವರೆಗೆ ಮಾತ್ರ. ಆಮೇಲೆ ಮತ್ತೆ ಭಾಗಾಕಾರ ಶುರುವಾಗುತ್ತೆ. ಬೆಂಗಳೂರು 2001ಕ್ಕಿಂತ ಎಷ್ಟು ಬೆಳೆದಿದೆ ಅಂತ ನಿಮಗೇ ಗೊತ್ತು.