ದೋಟಿಯ ಕೆಲಸವೂ ಕೆಲಸಗಾರನ ಕುತ್ತಿಗೆಯೂ

ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ಭತ್ತದ ಗದ್ದೆಗಳ ಮಗ್ಗುಲಲ್ಲಿಯೇ ಅಡಿಕೆಯ ತೋಟಗಳು ಎದ್ದಿರುವುದನ್ನು ವಾಚಕ ಮಹಾಶಯರು ಬಲ್ಲರು. ಮರವೇರುವ ಕೊನೆಗೌಡರು ದೊರೆಯುವುದು ದುರ್ಲಭವಾಗಿರುವುದರಿಂದ, ನೆಲದ ಮೇಲೆಯೇ ನಿಂತು ಗೊನೆ ಕೊಯ್ಯುವುದಕ್ಕೂ, ಕೊಳೆರೋಗದ ನಿವಾರಣೆಗಾಗಿ ಬೋರ್ಡೋ ದ್ರಾವಣವನ್ನು ಸಿಂಪಡಿಸುವುದಕ್ಕೂ ಕಾರ್ಬನ್ ಫೈಬರಿನ ದೋಟಿಯು ಬಳಕೆಗೆ ಬಂದಿದೆ. ಮರದಿಂದ ಬೀಳುವ ಭಯವು ಇದರಿಂದ ತಪ್ಪಿತೆಂಬುದು ನಿಶ್ಚಯ. ಆದರೆ ದಿನವೆಲ್ಲ ತಲೆಯನ್ನು ಹಿಂದಕ್ಕೆ ಬಾಗಿಸಿ ಮೇಲೆ ನೋಡತಕ್ಕವನ ಕುತ್ತಿಗೆಗೆ ಹೊಸದೊಂದು ಶ್ರಮವು ಒದಗಿದೆ.

ಮನುಷ್ಯನ ತಲೆಯ ತೂಕವು ಸುಮಾರು 5 ಕಿಲೋಗ್ರಾಂ. ಅದು ಹಿಂದಕ್ಕೆ ಬಾಗಿದಾಗ ಕುತ್ತಿಗೆಯ ಹಿಂಬದಿಯ ಕೀಲುಗಳು ಒತ್ತಲ್ಪಡುತ್ತವೆ. ನರಗಳು ಹೊರಬರುವ ರಂಧ್ರಗಳು ಕಿರಿದಾಗುತ್ತವೆ. 1993ರಲ್ಲಿ ಇಂಗ್ಲೆಂಡಿನ ಮ್ಯಾಕ್‌ಅಟಾಮ್ನಿ ಮತ್ತು ಕಾರ್ಲೆಟ್ ಎಂಬುವರು ಪ್ರಕಟಿಸಿದ ‘ರುಲಾ’ ಎಂಬ ಪರೀಕ್ಷಾಕ್ರಮದಲ್ಲಿ, ಕುತ್ತಿಗೆಯು 20 ಡಿಗ್ರಿಗೆ ಮೀರಿ ಮುಂದಕ್ಕೆ ಬಾಗಿದರೆ 3 ಅಂಕಗಳು, ಹಿಂದಕ್ಕೆ ಬಾಗಿದರೆ 4 ಅಂಕಗಳು. ಅಂಕವು ಹೆಚ್ಚಿದಷ್ಟೂ ಅಪಾಯವು ಹೆಚ್ಚು.

ಈ ಬಾಗುವಿಕೆಯನ್ನು ಅಳೆಯುವುದಕ್ಕೆ ಮೈಮೇಲೆ ಧರಿಸುವ ಸೆನ್ಸರುಗಳುಂಟು. ಒಂದನ್ನು ಟೋಪಿಗೂ, ಮತ್ತೊಂದನ್ನು ಬೆನ್ನಿನ ಮೇಲ್ಭಾಗಕ್ಕೂ ಕಟ್ಟುತ್ತಾರೆ. ಭೂಮಿಯ ಆಕರ್ಷಣೆಯ ದಿಕ್ಕನ್ನು ಆಧಾರವಾಗಿಟ್ಟುಕೊಂಡು ಪ್ರತಿಯೊಂದೂ ತನ್ನ ಓರೆಯನ್ನು ತಿಳಿಸುತ್ತದೆ. ಎರಡರ ವ್ಯತ್ಯಾಸವೇ ಕುತ್ತಿಗೆಯ ಬಾಗು. ತಲೆಗೆ ಮಾತ್ರ ಕಟ್ಟಿದರೆ, ಮೈಯೆಲ್ಲ ವಾಲಿದುದೂ ಕುತ್ತಿಗೆಯ ಲೆಕ್ಕಕ್ಕೇ ಸೇರಿಬಿಡುವುದು. ಎಷ್ಟು ಹೊತ್ತು ಯಾವ ಕೋನದಲ್ಲಿ ತಲೆಯಿತ್ತೆಂಬುದನ್ನು ಇವು ದಾಖಲಿಸುತ್ತವೆ. ಮಿತಿ ಮೀರಿದರೆ ಅದುರಿ ಎಚ್ಚರಿಸುವಂಥವೂ ಇವೆ. ಆದರೆ ಯಂತ್ರವು ಕೋನವನ್ನು ಬಲ್ಲುದೇ ಹೊರತು ನೋವನ್ನು ಅರಿಯದು. ನೋವನ್ನು ಕೆಲಸಗಾರನನ್ನು ಕೇಳಿಯೇ ತಿಳಿಯಬೇಕು.

ಸೆನ್ಸರು ಇಲ್ಲದವರೂ ಮಾಡಬಹುದಾದ ಕಾರ್ಯಗಳುಂಟು. ದೋಟಿಯನ್ನು ಒಬ್ಬನ ಕೈಯಲ್ಲಿಯೇ ದಿನವೆಲ್ಲ ಬಿಡದೆ, ಒಂದು ಸಾಲು ಮುಗಿದೊಡನೆ ಮತ್ತೊಬ್ಬನಿಗೆ ಕೊಡತಕ್ಕದ್ದು. ಇಳಿದವನಿಗೆ ಬಲೆ ಹಿಡಿಯುವ ಕೆಲಸವನ್ನು ಹಚ್ಚಿದರೆ ಪ್ರಯೋಜನವಿಲ್ಲ, ಅವನೂ ಮೇಲೆಯೇ ನೋಡಬೇಕಾಗುತ್ತದೆ. ಗೊನೆಯಿಂದ ಅಡಿಕೆ ಬಿಡಿಸುವಂಥ, ಕಣ್ಣಿನ ಮಟ್ಟಕ್ಕಿಂತ ಕೆಳಗಿನ ಕೆಲಸವು ಮೇಲು. ಕೈಬೆರಳುಗಳಲ್ಲಿ ಜೋಮು, ಹಿಡಿತದಲ್ಲಿ ಬಲಹೀನತೆ ಕಂಡರೆ ಕೆಲಸವನ್ನು ನಿಲ್ಲಿಸಿ ವೈದ್ಯರಲ್ಲಿಗೆ ಕಳುಹಿಸಬೇಕು.

ಗೊನೆಯ ಲೆಕ್ಕದಲ್ಲಿ ಕೂಲಿ ಪಡೆಯುವವನು ತಾನಾಗಿ ವಿಶ್ರಮಿಸಲಾರನು, ನಿಂತ ಹೊತ್ತೆಲ್ಲ ಅವನಿಗೆ ನಷ್ಟವೇ. ಆದುದರಿಂದ ವಿಶ್ರಾಂತಿಯ ವೇಳೆಯನ್ನೂ ಕೂಲಿಯೊಳಗೆ ಸೇರಿಸಿ ಕರಾರು ಮಾಡುವುದು ಭೂಮಾಲೀಕರ ಕರ್ತವ್ಯ. ಊರಿಗೆಲ್ಲ ಒಂದೇ ಪದ್ಧತಿಯಾಗುವಂತೆ ನೋಡುವುದು ಗ್ರಾಮದ ಮುಖಂಡರ ಕರ್ತವ್ಯ. ಕೊನೆಗೌಡರು ವಿರಳವಾದಂತೆ ದೋಟಿ ಹಿಡಿಯಬಲ್ಲವರೂ ವಿರಳವಾದರೆ, ತೋಟದ ಫಸಲನ್ನು ಇಳಿಸುವವರಾರು?