ಯೋಗಾಸನಕ್ಕೆ ಎಂಥ ಹಾಸು ಬೇಕು?

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬುದು ಹಿರಿಯರ ಮಾತು. ಖರ್ಚಿನ ವಿಷಯದಲ್ಲಿ ಇದು ನೂರಕ್ಕೆ ನೂರು ಸರಿ. ಯೋಗಾಸನದಲ್ಲಿ ಮಾತ್ರ ಇದನ್ನು ತಿರುಗಿಸಿ ಹೇಳಬೇಕು: ಕಾಲು ಚಾಚುವಷ್ಟು ಹಾಸು ಬೇಕು. ಅದನ್ನು ಹೇಗೆ ಆರಿಸಬೇಕು, ಹೇಗೆ ಬಳಸಬೇಕು, ಹೇಗೆ ಕಾಪಾಡಬೇಕು ಎಂಬುದನ್ನು ತಿಳಿಯೋಣ.

ಸೇಲಂ ಜಿಲ್ಲೆಯ ನಂಗವಳ್ಳಿಯಲ್ಲಿ ನಮ್ಮ ಬಂಧುಗಳ ಮನೆಯಿದೆ. ಮನೆಮಾತು ಕನ್ನಡ, ಕಸುಬು ನೇಯ್ಗೆ. ವಿಶ್ವಸಂಸ್ಥೆಯ ತೀರ್ಮಾನದಂತೆ 2015ರಿಂದ ಜೂನ್ 21ನ್ನು ಯೋಗ ದಿನವಾಗಿ ಆಚರಿಸುತ್ತಾರಷ್ಟೆ. ಒಂದು ವರ್ಷ ಆ ದಿನಕ್ಕೆಂದು ಮನೆಯ ಹುಡುಗ ರಬ್ಬರ್ ಮ್ಯಾಟ್ ಬೇಕೆಂದು ಹಠ ಹಿಡಿದ. ‘ಮ್ಯಾಟ್ ಇಲ್ಲದಿದ್ದರೆ ನಾನು ಹೋಗುವುದೇ ಇಲ್ಲ’ ಎಂದ. ಮಗ್ಗದ ಕೂಲಿ ಇನ್ನೂ ಕೈಗೆ ಬಂದಿರಲಿಲ್ಲ, ಅಪ್ಪ ಮಾತಾಡಲಿಲ್ಲ. ಅಜ್ಜಿ ಪೆಟ್ಟಿಗೆಯಿಂದ ಭವಾನಿ ಜಮಖಾನ ತೆಗೆದು, ‘ಇದಕ್ಕೇನಪ್ಪಾ ಕಡಿಮೆ? ನಿಮ್ಮಪ್ಪನ ಮದುವೆಯಲ್ಲಿ ಹಿರಿಯರೆಲ್ಲ ಕೂತದ್ದು ಇದರ ಮೇಲೆಯೇ’ ಎಂದರು. ಹುಡುಗ ಅದನ್ನು ನಯವಾದ ಟೈಲ್ಸ್ ನೆಲದ ಮೇಲೆ ಹಾಸಿ, ನಿಂತು ಕಾಲು ಅಗಲಿಸಿದ. ಜಮಖಾನ ಸರಕ್ಕನೆ ಜಾರಿ ಮೊಣಕಾಲಿಗೆ ಪೆಟ್ಟಾಯಿತು. ಅಜ್ಜಿಯ ಮಾತು ಸುಳ್ಳಲ್ಲ. ಹುಡುಗನ ಆಸೆಯೂ ಪೂರ್ತಿ ತಪ್ಪಲ್ಲ. ಹೇಗೆಂದು ನೋಡೋಣ.

ಹಾಸು ಮಾಡಬೇಕಾದ ಕೆಲಸ ಮೂರು. ಒಂದು, ಜಾರದಂತೆ ಹಿಡಿಯುವುದು. ಎರಡು, ನೆಲದ ತಂಪು ಮತ್ತು ಗಡಸು ಮೈಗೆ ತಾಗದಂತೆ ತಡೆಯುವುದು. ಮೂರು, ಶುಚಿಯಾದ ಜಾಗ ಒದಗಿಸುವುದು. ಭಗವದ್ಗೀತೆಯ ಆರನೆಯ ಅಧ್ಯಾಯದಲ್ಲಿ ದರ್ಭೆ, ಚರ್ಮ, ಬಟ್ಟೆಗಳಿಂದಾದ, ಅತಿ ಎತ್ತರವೂ ಅತಿ ತಗ್ಗೂ ಅಲ್ಲದ ಆಸನವನ್ನು ಹೇಳಿದೆ. ಅದು ಕುಳಿತು ಧ್ಯಾನ ಮಾಡುವವರಿಗೆ. ನಿಂತು, ಬಾಗಿ ಮಾಡುವ ಆಸನಗಳಿಗೆ ಜಾರದಿರುವುದೇ ಮುಖ್ಯ.

1933ರಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಯೋಗಶಾಲೆ ನಡೆಸತೊಡಗಿದಾಗ ಇಂದಿನ ಅಂಟುವ ಮ್ಯಾಟ್ ಇರಲಿಲ್ಲ. ಅವರ ಶಿಷ್ಯರಾದ ಬಿ.ಕೆ.ಎಸ್. ಅಯ್ಯಂಗಾರ್ಯರ ಬಳಿ ಏಂಜೆಲಾ ಫಾರ್ಮರ್ ಎಂಬ ವಿದೇಶಿ ಮಹಿಳೆ ಕಲಿಯುತ್ತಿದ್ದರು. ಶಸ್ತ್ರಚಿಕಿತ್ಸೆಯೊಂದರಿಂದ ಆಕೆಯ ಕೈಕಾಲು ಬೆವರದೆ ಜಾರುತ್ತಿದ್ದವು. ರತ್ನಗಂಬಳಿಯ ಅಡಿಗೆ ಹಾಸುವ ಅಂಟು ಹಾಸೊಂದನ್ನು ಆಕೆ ಜರ್ಮನಿಯಲ್ಲಿ ಕಂಡು ಬಳಸಿದರು. ಇಂದಿನ ಯೋಗ ಮ್ಯಾಟ್ ಬೆಳೆದದ್ದು ಹೀಗೆ.

ಮ್ಯಾಟ್ ಕೊಳ್ಳುವವರು ಬಣ್ಣಕ್ಕೆ ಮರುಳಾಗಬಾರದು. ಸುಮಾರು ಆರು ಅಡಿ ಉದ್ದ, ಎರಡು ಅಡಿ ಅಗಲ ಸಾಕು. ನಾಲ್ಕರಿಂದ ಆರು ಮಿಲಿಮೀಟರ್ ದಪ್ಪ ಒಳ್ಳೆಯದು. ತೀರ ದಪ್ಪನೆಯದರಲ್ಲಿ ಪಾದ ಹೂತು, ವೃಕ್ಷಾಸನದಂಥ ಒಂಟಿಕಾಲಿನ ಆಸನದಲ್ಲಿ ಮೈ ತೂಗಾಡುತ್ತದೆ. ಅಂಗಡಿಯಲ್ಲೇ ಹಾಸಿ, ಅಂಗೈ ಊರಿ ಮುಂದಕ್ಕೆ ತಳ್ಳಿ ನೋಡಿರಿ. ಕೈಯೂ ಜಾರಬಾರದು, ಮ್ಯಾಟೂ ಸರಿಯಬಾರದು.

ಇನ್ನು ಜಮಖಾನ. ಮೇಟ್ಟೂರಿನಿಂದ ಇಳಿದ ಕಾವೇರಿಯು ಭವಾನಿ ಹೊಳೆಯನ್ನು ಕೂಡುವ ಊರೇ ಭವಾನಿ. ಅಲ್ಲಿ ದಪ್ಪ ನೂಲಿನಿಂದ, ಅಗಲವಾದ ಬಣ್ಣದ ಪಟ್ಟೆಗಳಿಟ್ಟು ಕೈಮಗ್ಗದಲ್ಲಿ ಜಮಖಾನ ನೇಯುತ್ತಾರೆ. 1985ರ ಕೈಮಗ್ಗ ಕಾಯಿದೆಯಂತೆ ಕೈಮಗ್ಗಕ್ಕೇ ಮೀಸಲಾದ ವಸ್ತುಗಳಲ್ಲಿ ಜಮಖಾನವೂ ಒಂದು. ಆದ್ದರಿಂದ ಕೊಳ್ಳುವಾಗ ಕೈಮಗ್ಗದ ಗುರುತು ನೋಡಿ ಕೊಂಡರೆ ನೇಕಾರನ ಮನೆಗೆ ನೆರವಾಗುತ್ತದೆ. ಕೂರುವ, ಮಲಗುವ ಆಸನಗಳಿಗೆ ಇದು ಬಲು ಚೆನ್ನ. ಬೆವರು ಹೀರುತ್ತದೆ, ಒಗೆಯಬಹುದು. ಆದರೆ ಹತ್ತಿಯ ಹಾಸಾಗಲಿ ಹುಲ್ಲಿನ ಚಾಪೆಯಾಗಲಿ ನಯವಾದ ನೆಲದ ಮೇಲೆ ಜಾರುತ್ತದೆ. ಅಂಥ ನೆಲದಲ್ಲಿ ಅಡಿಗೆ ತೆಳು ರಬ್ಬರ್ ಮ್ಯಾಟ್ ಹಾಕಬೇಕು. ಅದಿಲ್ಲದಿದ್ದರೆ ನಿಂತು ಮಾಡುವ ಆಸನಗಳನ್ನು ಒರಟಾದ, ಒಣಗಿದ ಬರಿ ನೆಲದ ಮೇಲೆ ಬರಿಗಾಲಲ್ಲೇ ಮಾಡಬಹುದು. ಮೊಣಕಾಲು ಊರುವಾಗ ಜಮಖಾನದ ಅಂಚನ್ನು ಮಡಿಸಿ ಇಟ್ಟುಕೊಳ್ಳಿರಿ.

ಕಾಪಾಡುವ ಕ್ರಮವೂ ಸುಲಭ. ರಬ್ಬರ್ ಮ್ಯಾಟನ್ನು ಸ್ವಲ್ಪ ಸಾಬೂನು ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರಸಿ ನೆರಳಲ್ಲಿ ಒಣಗಿಸಬೇಕು. ಬಿಸಿಲಿಗೆ ರಬ್ಬರು ಸಿಡಿಯುತ್ತದೆ. ಮಡಿಸದೆ ಸುರುಳಿ ಸುತ್ತಿಡಬೇಕು. ಎಣ್ಣೆ ಹಚ್ಚಿದ ಮೈಯಲ್ಲಿ ಅದರ ಮೇಲೆ ಕೂರಬಾರದು. ಜಮಖಾನವನ್ನು ಮೊದಲ ಸಲ ಬೇರೆ ಬಟ್ಟೆಗಳೊಡನೆ ಒಗೆಯಬಾರದು, ಬಣ್ಣ ಬಿಟ್ಟೀತು. ಚೆನ್ನಾಗಿ ಒಣಗಿದ ಮೇಲೆಯೇ ಮಡಿಸಿಡಬೇಕು. ಒಬ್ಬರ ಹಾಸನ್ನು ಇನ್ನೊಬ್ಬರು ಬಳಸದಿರುವುದು ಲೇಸು. ಹುಳುಕಡ್ಡಿಯಂಥ ಚರ್ಮರೋಗ ಹೀಗೂ ಹರಡುತ್ತದೆ.

ಆ ಹುಡುಗ ಮರುದಿನ ಮನೆಯ ಒರಟು ಸಿಮೆಂಟಿನ ಜಗಲಿಯಲ್ಲಿ ಬರಿಗಾಲಲ್ಲಿ ನಿಂತು ವೃಕ್ಷಾಸನ ಮಾಡಿದ. ಜಮಖಾನ ಹಾಸಿ ಶವಾಸನ ಮಾಡಿದ. ಯೋಗ ದಿನದಂದು ಅದನ್ನೇ ಹೆಗಲ ಮೇಲೆ ಹಾಕಿಕೊಂಡು ಶಾಲೆಗೆ ಹೋದ. ಪೋಷಕರೇ, ಕೈಯಲ್ಲಿ ಹಣವಿದ್ದರೆ ಜಾರದ ಮ್ಯಾಟ್ ಕೊಡಿಸಿರಿ. ಇಲ್ಲವೆಂದು ನಾಚಬೇಕಾದ್ದಿಲ್ಲ. ವಿದ್ಯಾರ್ಥಿ ಮಿತ್ರರೇ, ಹಾಸು ಇಲ್ಲವೆಂದು ಆಸನ ಬಿಡಬೇಡಿರಿ; ನೆಲ ನೋಡಿ ಕಾಲಿಡಿರಿ.